ಹಾಲಿನ ಗಾಡಿಯ ಟ್ಯಾಂಕ್ ವಿಚಾರ ನಿಮ್ಮದೂ ಹೌದು

ಹಾಲು ಉತ್ಪಾದಕ ಅಕ್ಕಂದಿರೇ, ತಾಯಂದಿರೇ,

ನಸುಕಿನಲ್ಲಿ ಎದ್ದು, ಕೆಚ್ಚಲು ತೊಳೆದು, ಹಾಲು ಹಿಂಡಿ ಸಂಘದಲ್ಲಿ ಅಳೆಸಿದ ಮೇಲೆ ನಮ್ಮ ಕೆಲಸ ಮುಗಿಯಿತು, ಮುಂದಿನದು ಗಾಡಿಯವರ ಪಾಡು ಎಂದು ನಿಮ್ಮಲ್ಲಿ ಅನೇಕರು ತಿಳಿದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ನೆಲೋಗಿ ಭಾಗದ ಹಳ್ಳಿಗಳಿಂದ ಹೊರಟ ಕ್ಯಾನು ಶೀತಲೀಕರಣ ಕೇಂದ್ರ ಮುಟ್ಟುವವರೆಗೆ ಅದು ನಿಮ್ಮದೇ ಹಾಲು. ಅದನ್ನು ಹೊತ್ತ ಗಾಡಿಗೆ ಡೀಸೆಲ್ ಸರಿಯಾಗಿ ಹರಿಯುತ್ತದೆಯೇ ಎಂದು ಕೇಳುವ ಹಕ್ಕೂ ನಿಮಗಿದೆ.

ಕರೆದ ಹಾಲು ಆಕಳ ಮೈಯಷ್ಟೇ ಬೆಚ್ಚಗಿರುತ್ತದೆ, ಸುಮಾರು 38 ಡಿಗ್ರಿ. ಈ ಬಿಸಿಯಲ್ಲಿ ಬ್ಯಾಕ್ಟೀರಿಯಾ ಅರ್ಧ ತಾಸಿಗೊಮ್ಮೆ ದುಪ್ಪಟ್ಟಾದರೂ, ಎರಡು ತಾಸಿನಲ್ಲಿ ಒಂದು ಇದ್ದದ್ದು ಹದಿನಾರಾಗುತ್ತದೆ. 4 ಡಿಗ್ರಿಗೆ ತಂಪು ಮಾಡಿದಾಗಲೇ ಅವುಗಳ ಓಟಕ್ಕೆ ಕಡಿವಾಣ. ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ದಿನ ಗಾಡಿ ದಾರಿಯಲ್ಲಿ ನಿಂತರೆ, ನೀವು ಎಷ್ಟೇ ಸ್ವಚ್ಛವಾಗಿ ಹಿಂಡಿದ್ದರೂ ಹಾಲು ಹುಳಿಯತೊಡಗುತ್ತದೆ.

ಹಳೆಯ ಪಿಕಪ್ ಗಾಡಿ ಏಕೆ ನಿಲ್ಲುತ್ತದೆ? ಬಹಳ ಸಲ ಎಂಜಿನ್ ಕೆಟ್ಟಿರುವುದಿಲ್ಲ, ಟ್ಯಾಂಕಿನಿಂದ ಎಂಜಿನ್‌ಗೆ ಡೀಸೆಲ್ ಮುಟ್ಟಿರುವುದಿಲ್ಲ. ಟ್ಯಾಂಕ್ ತಳ ಕಾಣುವವರೆಗೆ ಓಡಿಸಿದರೆ ತಳದ ಕಸ ಮತ್ತು ನೀರು ಫಿಲ್ಟರ್ ಸೇರಿ ಕಟ್ಟುತ್ತವೆ. ಡೀಸೆಲ್ ಪೂರ್ತಿ ತೀರಿದರೆ ಪೈಪಿನೊಳಗೆ ಗಾಳಿ ಹೊಗುತ್ತದೆ. ಆಮೇಲೆ ಡೀಸೆಲ್ ಸುರಿದರಷ್ಟೇ ಸಾಲದು. ಕೈಪಂಪು ಒತ್ತಿ ಗಾಳಿ ಹೊರಹಾಕುವವರೆಗೆ ಗಾಡಿ ಮಿಸುಕುವುದಿಲ್ಲ.

ಇದಕ್ಕೆ ಪರಿಹಾರವೆಂದು ಕೆಲವರು ಎರಡನೆಯ ಟ್ಯಾಂಕ್ ಕೂರಿಸುತ್ತಾರೆ. ಅಲ್ಲಿ ಹೊಸ ತೊಡಕು ಶುರು. ಡೀಸೆಲ್ ಎಂಜಿನ್ ಎಳೆದುಕೊಂಡದ್ದನ್ನೆಲ್ಲ ಸುಡುವುದಿಲ್ಲ, ಉಳಿದದ್ದು ಇನ್ನೊಂದು ಪೈಪಿನಿಂದ ಟ್ಯಾಂಕಿಗೆ ಮರಳುತ್ತದೆ. ಒಂದು ಟ್ಯಾಂಕಿನಿಂದ ಎಳೆದು ಇನ್ನೊಂದಕ್ಕೆ ಮರಳಿಸುವ ಹಾಗೆ ಪೈಪು ಜೋಡಿಸಿದ್ದರೆ ಒಂದು ಬೇಗ ಬರಿದಾಗುತ್ತದೆ, ಇನ್ನೊಂದು ತುಂಬಿ ಚೆಲ್ಲುತ್ತದೆ. ಮುಳ್ಳು ಒಂದೇ ಟ್ಯಾಂಕಿನ ಲೆಕ್ಕ ತೋರಿಸುತ್ತಿದ್ದರೆ ಡ್ರೈವರ್‌ಗೂ ಇದು ತಿಳಿಯುವುದಿಲ್ಲ. ಟ್ಯಾಂಕ್ ಬದಲಿಸುವ ಕಾಕ್ ಸವೆದು ಗಾಳಿ ಎಳೆದರೆ ಗಾಡಿ ಮತ್ತೆ ನಿಲ್ಲುತ್ತದೆ. ಗಾಡಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ.

ಇನ್ನು ಕೆಲವರ ಎರಡನೆಯ ಟ್ಯಾಂಕ್ ಎಂದರೆ ಹಾಲಿನ ಕ್ಯಾನುಗಳ ಪಕ್ಕದಲ್ಲೇ ಇಟ್ಟ ಪ್ಲಾಸ್ಟಿಕ್ ಡಬ್ಬಿ. ಪಶುವೈದ್ಯನಾಗಿ ನನ್ನ ಬಲವಾದ ತಕರಾರು ಇದರ ಮೇಲೆ. ಹಾಲಿನ ಕೊಬ್ಬು ವಾಸನೆಯನ್ನು ಬೇಗ ಹಿಡಿದುಕೊಳ್ಳುತ್ತದೆ. ಡೀಸೆಲ್ ಮುಟ್ಟಿದ ಕೈ ಅಥವಾ ಬಟ್ಟೆ ಕ್ಯಾನಿನ ಮುಚ್ಚಳಕ್ಕೆ ತಾಗಿದರೂ ಹಾಲಿಗೆ ವಾಸನೆ ಹತ್ತಬಹುದು. ಆ ಒಂದು ಕ್ಯಾನನ್ನು ತಣಿಸುವ ತೊಟ್ಟಿಗೆ ಸುರಿದರೆ ಊರಿನ ಹಾಲೆಲ್ಲ ಕೆಟ್ಟಂತೆ. ಡಬ್ಬಿಯಿಂದ ಪೈಪು ಹಾಕಿ ಬಾಯಿಂದ ಡೀಸೆಲ್ ಎಳೆಯುವುದಂತೂ ಜೀವಕ್ಕೇ ಅಪಾಯ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಖಾಲಿ ಡೀಸೆಲ್ ಡಬ್ಬಿಯಲ್ಲಿ ದನಗಳಿಗೆ ನೀರು ಕೊಡುವುದೂ ಬೇಡ. ದನದ ಶ್ವಾಸಕೋಶಕ್ಕೂ ಅದು ಅಷ್ಟೇ ಕೆಟ್ಟದ್ದು.

ಡ್ರೈವರನ ಕಷ್ಟವೂ ಇದೆ, ಇಲ್ಲವೆನ್ನುವುದಿಲ್ಲ. ಬಂಕ್ ದೂರವಿರುತ್ತದೆ, ಬಾಡಿಗೆ ತಡವಾಗಿ ಕೈಸೇರುತ್ತದೆ, ಇದ್ದಷ್ಟೇ ಡೀಸೆಲ್‌ನಲ್ಲಿ ದಾರಿ ಮುಗಿಸೋಣ ಎಂದುಕೊಳ್ಳುತ್ತಾನೆ. ಆದ್ದರಿಂದ ಅವನೊಡನೆ ಜಗಳವಾಡಿ ಪ್ರಯೋಜನವಿಲ್ಲ. ಕರಾರು ಸರಿಯಾಗಬೇಕು. ಬಾಡಿಗೆ ಹೊತ್ತಿಗೆ ಸರಿಯಾಗಿ ಸಿಗಲಿ, ಅದರ ಜೊತೆಗೆ ಗಾಡಿಯ ಸ್ಥಿತಿಗೂ ಷರತ್ತು ಇರಲಿ.

ಮುಂದಿನ ಸಂಘದ ಸಭೆಯಲ್ಲಿ ಈ ನಾಲ್ಕು ಮಾತು ಕೇಳಿರಿ:

1. ನಮ್ಮ ಮಾರ್ಗದ ಗಾಡಿ ಹಿಂದಿನ ರಾತ್ರಿಯೇ ಸಾಕಷ್ಟು ಡೀಸೆಲ್ ತುಂಬಿಸಿಕೊಳ್ಳುತ್ತದೆಯೇ?
2. ಡೀಸೆಲ್ ಫಿಲ್ಟರ್ ಕೊನೆಯ ಸಲ ಬದಲಿಸಿದ್ದು ಯಾವಾಗ? ಹೆಚ್ಚುವರಿ ಟ್ಯಾಂಕ್ ಅಥವಾ ಡಬ್ಬಿ ಇದೆಯೇ?
3. ಗಾಡಿ ನಿಂತರೆ ಬದಲಿ ಗಾಡಿ ಯಾರದು? ಎಷ್ಟು ಹೊತ್ತಿನಲ್ಲಿ ಬರುತ್ತದೆ?
4. ದಾರಿಯಲ್ಲಿ ಕೆಟ್ಟ ಹಾಲಿನ ನಷ್ಟ ಯಾರ ಲೆಕ್ಕಕ್ಕೆ?

ನಾಲ್ಕನೆಯ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಆ ನಷ್ಟ ಸಂಘದ ತಲೆಗೆ ಬಿದ್ದರೆ ಅದರ ಲಾಭ ಕುಗ್ಗುತ್ತದೆ, ಕೊನೆಗೆ ನಿಮ್ಮ ಬೋನಸ್ಸೂ ಕುಗ್ಗುತ್ತದೆ.

ಗಾಡಿ ತಡವಾಗುತ್ತದೆಂದು ತಿಳಿದ ದಿನ ಕ್ಯಾನುಗಳನ್ನು ನೆರಳಿನಲ್ಲಿ, ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಇಡಿಸಿರಿ. ಬೆಳಗಿನ ಹಾಲಿಗೆ ಹಿಂದಿನ ಹೊತ್ತಿನ ಹಾಲು ಬೆರೆಸಬೇಡಿರಿ. ಹಾಲು ಒಡೆಯದಿರಲೆಂದು ಸೋಡಾ ಹಾಕುವುದು ಕಲಬೆರಕೆ. ಒಬ್ಬರು ಹಾಕಿದರೂ ಇಡೀ ಸಂಘದ ಹೆಸರು ಕೆಡುತ್ತದೆ.

ಗಾಡಿ ವಿಚಾರ ಗಂಡಸರದು ಎಂದು ಯಾರಾದರೂ ಅಂದರೆ, ಪಾಸ್‌ಬುಕ್ಕಿನಲ್ಲಿರುವ ಹೆಸರು ತೋರಿಸಿರಿ. ಹಾಲಿನ ಲೆಕ್ಕ ನಿಮ್ಮ ಹೆಸರಿನಲ್ಲಿದ್ದರೆ ಪ್ರಶ್ನೆ ಕೇಳಬೇಕಾದವರೂ ನೀವೇ.