ಬೀರುವಿನಲ್ಲಿ ಮೌನವಾಗಿದ್ದ ಹಾಡುಗಳು

ಸೆಮಿಸ್ಟರ್ ರಜೆಗೆ ಊರಿಗೆ ಬಂದಿದ್ದೆ. ‘ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್’ ಬ್ಯಾಕ್‌ಲಾಗ್ ತಲೆಯ ಮೇಲೆ ಕೂತಿತ್ತು. ಮನೆಯಲ್ಲಿ ಟಿ.ವಿ ಗಲಾಟೆ. ಹಾಗಾಗಿ ನಮ್ಮ ಮಲೆನಾಡ ಪಟ್ಟಣದ ಸಾರ್ವಜನಿಕ ಗ್ರಂಥಾಲಯ ಸೇರಿಕೊಂಡೆ. ಅಲ್ಲಿ ನನ್ನಂಥವರೇ ತುಂಬಿದ್ದರು. ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆ ಎಂದು ಮನೆಯಿಂದಲೇ ಪುಸ್ತಕ ತಂದು ಓದುವವರು. ಬೀರುಗಳತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮೊಬೈಲ್ ಚಾರ್ಜ್ ಮಾಡಲು ಪ್ಲಗ್ ಹುಡುಕುತ್ತಾ ಮೂಲೆಗೆ ಹೋದಾಗ ಕಂಡಿದ್ದು ಆ ಗಾಜಿನ ಬೀರು. ಒಳಗೆ ನೂರರಷ್ಟು ಕ್ಯಾಸೆಟ್, ಒಂದಿಷ್ಟು ಸಿ.ಡಿ, ಜೊತೆಗೊಂದು ಟೇಪ್ ರೆಕಾರ್ಡರ್. ನಿವೃತ್ತ ಮೇಷ್ಟ್ರೊಬ್ಬರ ಮನೆಯವರು ಕೊಟ್ಟಿದ್ದಂತೆ. ‘ಯಾರೂ ಕೇಳಲ್ಲಪ್ಪ, ಈ ಸಲ ರದ್ದಿ ಪಟ್ಟಿಗೆ ಸೇರಿಸ್ತೀವಿ’ ಎಂದರು ಗ್ರಂಥಪಾಲಕ ಮೇಡಂ.

ಟೇಪ್ ರೆಕಾರ್ಡರ್ ತಿರುಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ರಬ್ಬರ್ ಬೆಲ್ಟ್ ಹಿಗ್ಗಿ ಜೋತುಬಿದ್ದಿತ್ತು, ಅಷ್ಟೇ. ಪೇಟೆಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ಹೊಸದು ಸಿಕ್ಕಿತು. ಅಮ್ಮ ಹೇಳಿಕೊಟ್ಟಂತೆ ಪೆನ್ಸಿಲ್ ತೂರಿಸಿ ಸುರುಳಿ ಬಿಗಿ ಮಾಡಿ, ಇಯರ್‌ಫೋನ್ ಸಿಕ್ಕಿಸಿ ‘ನಿತ್ಯೋತ್ಸವ’ ಹಾಕಿದೆ. 1978ರಲ್ಲಿ ಬಂದ, ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಅದು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ.

ಶೀರ್ಷಿಕೆ ಗೀತೆಯನ್ನು ಶಾಲೆಯಲ್ಲಿ ಎಷ್ಟೋ ಸಲ ಹಾಡಿದ್ದೆ. ಆದರೆ ಅದರ ಅಕ್ಕಪಕ್ಕದ ಹಾಡುಗಳನ್ನು ಕೇಳಿಯೇ ಇರಲಿಲ್ಲ. ಕ್ಯಾಸೆಟ್ಟಿನಲ್ಲಿ ಹಾಡು ದಾಟಿಸುವುದು ರಗಳೆ. ಹಾಗಾಗಿ ಒಂದಾದ ಮೇಲೊಂದು ಕೇಳಲೇಬೇಕು. ಮೂವತ್ತು ಸೆಕೆಂಡಿನ ರೀಲ್ಸ್‌ಗೆ ಒಗ್ಗಿದ ಕಿವಿ ಮೊದಲ ದಿನ ಚಡಪಡಿಸಿತು. ಮೂರನೇ ದಿನದ ಹೊತ್ತಿಗೆ ಒಂದಿಡೀ ಬದಿ ಮುಗಿಯುವವರೆಗೂ ಮೊಬೈಲ್ ಮುಟ್ಟಿರಲಿಲ್ಲ.

ಪಠ್ಯಪುಸ್ತಕದಲ್ಲಿ ಅರ್ಥವಾಗದ್ದು ಆ ಬೀರುವಿನ ಮುಂದೆ ಅರ್ಥವಾಯಿತು. ಟೇಪಿನ ಕಾಂತೀಯ ಲೇಪನದ ಮೇಲೆ ದನಿಯ ಏರಿಳಿತ ಎಲ್ಲೂ ಕಡಿಯದೆ ಅಚ್ಚಾಗಿರುತ್ತದೆ. ಸಿ.ಡಿ ಅದೇ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಸ್ಯಾಂಪ್ಲಿಂಗ್ ಎಂದರೆ ಇಷ್ಟೇ! (ಬ್ಯಾಕ್‌ಲಾಗ್ ಫಲಿತಾಂಶ ಇನ್ನೂ ಬಂದಿಲ್ಲ, ಆ ಮಾತು ಬೇಡ.)

ಆದರೆ ಟೇಪಿಗೆ ಆಯಸ್ಸು ಕಡಿಮೆ. ನಮ್ಮೂರ ಮಳೆಗಾಲದ ತೇವಕ್ಕೆ ಕೆಲವಕ್ಕೆ ಆಗಲೇ ಬೂಷ್ಟು ಹಿಡಿದಿದೆ. ‘ನಿತ್ಯೋತ್ಸವ’ದ ಹಾಡುಗಳು ನೆಟ್‌ನಲ್ಲೂ ಇವೆ, ಅದರ ಚಿಂತೆಯಿಲ್ಲ. ಬೀರುವಿನಲ್ಲಿದ್ದ ಮೂರು ತಾಳಮದ್ದಳೆ ಕ್ಯಾಸೆಟ್‌ಗಳು ಮಾತ್ರ ನಾನು ಹುಡುಕಿದ ಕಡೆ ಎಲ್ಲೂ ಸಿಗಲಿಲ್ಲ. ಅವು ರದ್ದಿಗೆ ಹೋದರೆ ಆ ಅರ್ಥಧಾರಿಗಳ ಮಾತೂ ಅಲ್ಲಿಗೇ ಮುಗಿದೀತು.

ಕಾನೂನು ಇದಕ್ಕೆ ಅಡ್ಡಿಯಲ್ಲ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಖರ್ಚೂ ದೊಡ್ಡದಲ್ಲ. ಒಂದು ಹಳೆಯ ಕಂಪ್ಯೂಟರ್, ಒಂದು ಕೇಬಲ್, ಕೂತು ಮಾಡುವವರು ಸಾಕು. ಮನೆ ಕಂದಾಯದ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಮ್ಮ ಅಪ್ಪ ಅಮ್ಮಂದಿರು ಕಟ್ಟುತ್ತಲೇ ಇದ್ದಾರೆ. ಗ್ರಂಥಾಲಯ ನಮ್ಮದು ಎನ್ನಲು ಬೇರೆ ಪುರಾವೆ ಬೇಕೆ?

ನಾವು ಗ್ರಂಥಾಲಯವನ್ನು ಬರೀ ಕುರ್ಚಿ, ಫ್ಯಾನ್ ಇರುವ ಓದುಕೋಣೆ ಮಾಡಿಕೊಂಡಿದ್ದೇವೆ. ಯಾರೂ ಕೇಳದ್ದನ್ನು ರದ್ದಿಗೆ ಹಾಕಿದರೆ ತಪ್ಪು ಗ್ರಂಥಪಾಲಕರದ್ದಷ್ಟೇ ಅಲ್ಲ, ಕೇಳದ ನಮ್ಮದೂ ಹೌದು. ಮೇಡಂ ಬಳಿ ಮಾತಾಡಿ ರದ್ದಿ ಪಟ್ಟಿಯನ್ನು ಮುಂದಿನ ರಜೆಯವರೆಗೆ ತಡೆಸಿದ್ದೇನೆ. ಅಷ್ಟರಲ್ಲಿ ಗೆಳೆಯರಿಬ್ಬರು ಕೇಬಲ್ ಹಿಡಿದು ಬರಲು ಒಪ್ಪಿದ್ದಾರೆ.

ನಿಮ್ಮೂರ ಗ್ರಂಥಾಲಯಕ್ಕೆ ಹೋದಾಗ ಪುಸ್ತಕದಿಂದ ತಲೆಯೆತ್ತಿ ಒಮ್ಮೆ ಬೀರುಗಳತ್ತ ನೋಡಿ. ಬೀಗ ಹಾಕಿದ್ದರೆ ಕೀಲಿ ಕೇಳಿ.