ಕಿರೀಟವೂ ಶಕುನವೂ

ಒಮ್ಮೆ ಕಿರೀಟ ಪಡೆದ ದೇಶಕ್ಕೆ ಮರುವರ್ಷ ಅದು ದೊರೆಯದೆಂಬುದು ವಿಶ್ವಸೌಂದರ್ಯ ಸ್ಪರ್ಧೆಗಳ ಅಭಿಮಾನಿಗಳಲ್ಲಿ ಬೇರೂರಿದ ನಂಬಿಕೆ. ಆದರೆ ‘ಮಿಸ್ ವರ್ಲ್ಡ್’ ಪಟ್ಟವು 1999ರಲ್ಲಿ ಯುಕ್ತಾ ಮುಖಿಗೂ, ಮರುವರ್ಷ ಪ್ರಿಯಾಂಕಾ ಚೋಪ್ರಾಗೂ ಸಂದು ಭಾರತದಲ್ಲಿಯೇ ಉಳಿಯಿತು. 2008 ಮತ್ತು 2009ರಲ್ಲಿ ‘ಮಿಸ್ ಯೂನಿವರ್ಸ್’ ಪಟ್ಟ ಎರಡು ಸಲವೂ ವೆನಿಜುವೆಲಾದ ಪಾಲಾಯಿತು. ಆ ದೇಶ ಈ ಸ್ಪರ್ಧೆಯಲ್ಲಿ ಗಳಿಸಿದ ಏಳು ಕಿರೀಟಗಳನ್ನು ಗ್ರಹಬಲವೆನ್ನುವವರು ಎನ್ನಲಿ. ನನಗೆ ಅಲ್ಲಿ ಕಾಣುವುದು ನಡಿಗೆ, ನುಡಿ, ವ್ಯಾಯಾಮಗಳಲ್ಲಿ ತಿಂಗಳುಗಟ್ಟಲೆ ನಡೆಯುವ ಕಠಿಣ ಶಿಕ್ಷಣ. ಇದರ ಮೇಲೆ, ಬೆರಳೆಣಿಕೆಯ ತೀರ್ಪುಗಾರರ ಅಭಿರುಚಿಯೂ ಫಲವನ್ನು ನಿರ್ಧರಿಸುತ್ತದೆಯಲ್ಲವೆ? ಇವನ್ನೆಲ್ಲ ಬದಿಗಿಟ್ಟು ಶಕುನಕ್ಕೆ ಮೊರೆಹೊಕ್ಕರೆ ಗೆದ್ದವಳ ಶ್ರಮ ಮರೆಯಾಗುತ್ತದೆ, ಸೋತವಳಿಗೆ ನತದೃಷ್ಟೆಯೆಂಬ ಹಣೆಪಟ್ಟಿ ಅಂಟುತ್ತದೆ. ತೀರ್ಪಿತ್ತವರನ್ನು ಕಾರಣ ಕೇಳುವವರೇ ಇಲ್ಲವಾಗುತ್ತಾರೆ.