ಚೆಕ್‌ರೋಲ್‌ನಲ್ಲಿ ಹೆಸರು ಉಳಿಯಬೇಕು

2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಲಾಕ್‌ಡೌನ್ ಪರಿಹಾರ ಘೋಷಿಸಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಮೇಲೆ ಇನ್ನೂ 3,000. ಇವರಲ್ಲಿ ಯಾರೂ ಅನರ್ಹರಲ್ಲ, ಕೊಟ್ಟದ್ದು ಸಾಲದು ಎಂದೇ ಹೇಳುತ್ತೇನೆ. ಆದರೆ ಆ ಪಟ್ಟಿಯಲ್ಲಿ ಕಾಫಿ ತೋಟದ ಕಾರ್ಮಿಕರು ಇರಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೊಡುವ ಕೊಡಗಿನಲ್ಲಿ ಈ ಬಿಟ್ಟುಹೋದ ಸಾಲನ್ನು ಸಣ್ಣ ಮಾತೆಂದು ತಳ್ಳಿಹಾಕಲು ಬರುವುದಿಲ್ಲ.

ಕೆಲಸ ನಡೆಸಲು ತೋಟಗಳಿಗೆ ಏಪ್ರಿಲ್‌ನಲ್ಲೇ ಅನುಮತಿ ಸಿಕ್ಕಿತ್ತಲ್ಲ ಎನ್ನುವವರಿದ್ದಾರೆ. ಸಿಕ್ಕಿತ್ತು, ಅರ್ಧದಷ್ಟು ಆಳುಗಳಿಗೆ. ಉಳಿದರ್ಧ ಆಳುಗಳ ಕೂಲಿ ಯಾರು ಕೊಡಬೇಕು ಎಂಬುದಕ್ಕೆ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಅಮ್ಮತ್ತಿಯಿಂದ ಸಿದ್ದಾಪುರದ ಕಡೆಗೆ ಹೋಗಲಿ, ಪಾಲಿಬೆಟ್ಟದ ಕಡೆಗೆ ಹೋಗಲಿ, ರಸ್ತೆಯ ಎರಡೂ ಬದಿ ತೋಟವೇ. ಒಳಗೆ ಮಾಲೀಕರು ಆಳುಗಳಿಗೆಂದು ಕಟ್ಟಿಸಿದ ಸಾಲುಮನೆಗಳು, ಅಂದರೆ ಲೈನ್ ಮನೆಗಳು. ಅವುಗಳಲ್ಲಿ ತಲೆಮಾರುಗಳಿಂದ ಇರುವ ಯರವರು, ಕುರುಬರು, ತಮಿಳು ಕುಟುಂಬಗಳು, ಈಚೆಗೆ ಅಸ್ಸಾಂನಿಂದ ಬಂದವರು. ಪಟ್ಟಣದ ಕಾರ್ಮಿಕನಿಗೆ ಕೆಲಸ ಹೋದರೆ ಸಂಬಳ ಹೋಗುತ್ತದೆ. ಇವರಿಗೆ ಕೆಲಸದ ಜೊತೆ ಸೂರೂ ಹೋಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರು ಚೆಕ್‌ರೋಲ್‌ನಿಂದ, ಅಂದರೆ ಆಳುಗಳ ಹಾಜರಿ ಪಟ್ಟಿಯಿಂದ, ಹೆಸರು ತೆಗೆದರೆ ಲೈನ್ ಮನೆ ಖಾಲಿ ಮಾಡಬೇಕು, ಮಕ್ಕಳ ಶಾಲೆ ಬಿಡಿಸಬೇಕು. ಮುಂಗಡದ ಸಾಲ ಮಾತ್ರ ಹಿಂದೆಯೇ ಬರುತ್ತದೆ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಇಡೀ ರಾಜ್ಯ ಅದನ್ನು ನೋಡಿತು. ಅಲ್ಲಿದ್ದವರಲ್ಲಿ ಎಷ್ಟೋ ಮಂದಿ ಲೈನ್ ಮನೆಗಳಿಂದ ಹೊರಬಂದು ಸ್ವಂತ ಸೂರು ಕೇಳಿದವರು. ಕೂಲಿಯ ಭದ್ರತೆಯ ಪ್ರಶ್ನೆ ಕೊಡಗಿನಲ್ಲಿ ನೆಲದ, ಮನೆಯ ಪ್ರಶ್ನೆಯೂ ಹೌದು.

ಕೇಂದ್ರ ಸರ್ಕಾರ ಆಗ ಮಾಡಿದ್ದನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ. 2020ರ ಮಾರ್ಚ್ 29ರಂದು ಗೃಹ ಸಚಿವಾಲಯ, ಲಾಕ್‌ಡೌನ್ ಅವಧಿಯ ಪೂರ್ತಿ ಸಂಬಳವನ್ನು ಮಾಲೀಕರೇ ಕೊಡಬೇಕೆಂದು ಆದೇಶಿಸಿತು. ತನ್ನ ಬೊಕ್ಕಸದಿಂದ ಅದಕ್ಕೆಂದು ಒಂದು ರೂಪಾಯಿ ತೆಗೆದಿಡಲಿಲ್ಲ. ಮೇ 18ರಿಂದ ಆದೇಶವೇ ಇಲ್ಲವಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರೂ ಕಾರ್ಮಿಕರೂ ಮಾತಾಡಿ ಬಗೆಹರಿಸಿಕೊಳ್ಳಲಿ ಎಂದಿತು. ಲೈನ್ ಮನೆಯಲ್ಲಿ ಇರುವ ಯರವ ಹೆಂಗಸು ಆ ಮನೆಯ ಒಡೆಯನೊಂದಿಗೆ ಯಾವ ಬಲದ ಮೇಲೆ ಮಾತಾಡಿ ಬಗೆಹರಿಸಿಕೊಳ್ಳಬೇಕು?

ಸಣ್ಣ ಉದ್ದಿಮೆಗಳ ಪಿಎಫ್ ಕಂತನ್ನು ಕೆಲವು ತಿಂಗಳು ಸರ್ಕಾರವೇ ಕಟ್ಟಿತು, ನಿಜ. ಪಿಎಫ್ ಇಲ್ಲದ ದಿನಗೂಲಿಯವರಿಗೆ ಅದರಿಂದ ಏನೂ ಬರಲಿಲ್ಲ. ಮೂರು ಲಕ್ಷ ಕೋಟಿಯ ಸಾಲ ಖಾತರಿ ಯೋಜನೆಯಲ್ಲೂ ಆಳುಗಳನ್ನು ಬಿಡಬಾರದೆಂಬ ಷರತ್ತು ಇರಲಿಲ್ಲ. ಅದೇ ಹೊತ್ತಿಗೆ ಬ್ರಿಟನ್ ಸರ್ಕಾರ, ಮನೆಯಲ್ಲಿ ಕೂತ ನೌಕರನ ಸಂಬಳದ ಶೇ 80ರಷ್ಟನ್ನು ತಿಂಗಳಿಗೆ 2,500 ಪೌಂಡಿನ ಮಿತಿಯಲ್ಲಿ ತಾನೇ ಭರಿಸಿತು. ಹಣ ಮಾಲೀಕನ ಮೂಲಕ ಹೋದರೂ ನೌಕರನ ಹೆಸರಿಗೇ ಹೋಯಿತು. ಬಡ ದೇಶಕ್ಕೆ ಇದು ಆಗದ ಮಾತು ಎನ್ನುವವರಿಗೆ ಇಷ್ಟೇ ಹೇಳುವುದು: ಬ್ರಿಟನ್ನಿನಷ್ಟು ಬೇಡ, ಅರ್ಧ ಕೂಲಿ ಸಾಕು, ಮೂರು ತಿಂಗಳು ಸಾಕು.

ಬೆಳೆಗಾರರನ್ನು ದೂರಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಸಣ್ಣವು. 2000ದ ಆಚೀಚೆ ಜಾಗತಿಕ ಬೆಲೆ ಕುಸಿದಾಗ, 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಇವರೂ ಮುಳುಗಿದರು. ಎರಡೆಕರೆಯವನು ಆಳುಗಳಿಗೆ ಕೆಲಸವಿಲ್ಲದ ದಿನದ ಕೂಲಿ ಕೊಡಲಾರ. ಸರ್ಕಾರ ಕೈಹಾಕಬೇಕಾದದ್ದು ಇಲ್ಲಿಯೇ. ಆದರೆ ಇದುವರೆಗಿನ ನೆರವೆಲ್ಲ ಬೆಳೆಗೆ, ಸಾಲಕ್ಕೆ, ಬಡ್ಡಿಗೆ. 2003ರಲ್ಲಿ ಕೇಂದ್ರ ತೆರೆದ 500 ಕೋಟಿಯ ಬೆಲೆ ಸ್ಥಿರೀಕರಣ ನಿಧಿಯೂ ನಾಲ್ಕು ಹೆಕ್ಟೇರಿನೊಳಗಿನ ಬೆಳೆಗಾರರ ನಷ್ಟವನ್ನೇ ಲೆಕ್ಕಕ್ಕೆ ಹಿಡಿಯಿತು. ಅದೇ ನಷ್ಟದಲ್ಲಿ ಹೋದ ಕೂಲಿಯನ್ನು ಯಾರೂ ಲೆಕ್ಕ ಹಾಕಲಿಲ್ಲ.

ನಾನು ಕೇಳುವ ಕೂಲಿ ನೆರವಿಗೆ ಷರತ್ತು ಒಂದೇ ಇರಲಿ: ಚೆಕ್‌ರೋಲ್‌ನಲ್ಲಿ ಹೆಸರು ಉಳಿಯಬೇಕು, ಲೈನ್ ಮನೆ ಉಳಿಯಬೇಕು. ಅರ್ಧ ಕೂಲಿ ಸರ್ಕಾರದಿಂದ ನೇರ ಕಾರ್ಮಿಕರ ಖಾತೆಗೆ. ತೋಟ ಕಾರ್ಮಿಕರ ಕಾನೂನು ಐದು ಹೆಕ್ಟೇರಿಗಿಂತ ಸಣ್ಣ ತೋಟವನ್ನು ಮುಟ್ಟದ್ದರಿಂದ, ಅಲ್ಲಿ ದುಡಿಯುವವರ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಇಡಲಿ. ಆಧಾರ್, ಪಡಿತರ ಚೀಟಿ ಇಲ್ಲವೆಂದು ಯಾರನ್ನೂ ಬಿಡಬಾರದು. ಹಣದ ಮೂಲವೂ ದೂರವಿಲ್ಲ. 2024ರಲ್ಲಿ ರೋಬಸ್ಟಾ ಚೆರಿಯ 50 ಕಿಲೋ ಚೀಲ 10,000 ರೂಪಾಯಿ ದಾಟಿತು. ಅಂಥ ವರ್ಷಗಳಲ್ಲಿ ರಫ್ತಾಗುವ ಪ್ರತಿ ಕಿಲೋದ ಮೇಲೆ ಸಣ್ಣದೊಂದು ಸೆಸ್ ಹಾಕಿ ಕೂಡಿಟ್ಟರೆ ಕೆಟ್ಟ ವರ್ಷಕ್ಕೆ ನಿಧಿಯಾಗುತ್ತದೆ. ಕಟ್ಟಡ ಕಾರ್ಮಿಕರಿಗೆ 2020ರಲ್ಲಿ ಬೇಗ ಹಣ ಸಿಕ್ಕಿದ್ದು ಅವರ ಹೆಸರಿನಲ್ಲಿ ಸೆಸ್ ಕೂಡಿಟ್ಟ ಮಂಡಳಿ ಇದ್ದದ್ದರಿಂದಲೇ.

ಕೊಡಗಿನ ಬೆಳೆಗಾರರ ಸಂಘಟನೆಗಳಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ಬೆಂಗಳೂರಿಗೋ ದೆಹಲಿಗೋ ಮನವಿ ಒಯ್ಯುವಾಗ ಬಡ್ಡಿ ಮನ್ನಾದ ಜೊತೆಗೆ ಕೂಲಿ ನೆರವಿನ ಬೇಡಿಕೆಯನ್ನೂ ಸೇರಿಸಿ. ಕಾರ್ಮಿಕ ಸಂಘದವರನ್ನೂ ಜೊತೆಗೆ ಕರೆದೊಯ್ಯಿರಿ. ನೀವಿಬ್ಬರೂ ಒಟ್ಟಾಗಿ ಕೇಳಿದರೆ ಇಲ್ಲವೆನ್ನುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.